ಹೊಗೆ ಹೊಸ್ತಿಲಾಚೆ: ಮನೆಯೊಳಗಿನ ಬೀಡಿಯನ್ನು ಹೊರಗೆ ಹಾಕುವ, ಆಮೇಲೆ ಬಿಡುವ ಬಗೆ

ಕಲಬುರಗಿಯಲ್ಲಿ ಮಾರ್ಚ್ ಕಳೆಯಿತೆಂದರೆ ಮಧ್ಯಾಹ್ನ ಹನ್ನೊಂದಕ್ಕೆ ಮುಚ್ಚಿದ ಬಾಗಿಲನ್ನು ಸಂಜೆ ಐದರವರೆಗೆ ಯಾರೂ ತೆರೆಯುವುದಿಲ್ಲ. ಬಿಸಿಲು 40 ಡಿಗ್ರಿ ದಾಟಿದ ಮೇಲೆ ಕಿಟಕಿಗೆ ಗೋಣಿಚೀಲ ಕಟ್ಟಿ, ಪರಸಿಯ ನೆಲಕ್ಕೆ ಒಂದಿಷ್ಟು ನೀರು ಚಿಮುಕಿಸಿ, ಮನೆಮಂದಿಯೆಲ್ಲ ಒಂದೇ ಪಡಸಾಲೆಯಲ್ಲಿ ಅಡ್ಡಾಗುವ ಹೊತ್ತು ಅದು. ಆಗ ಹಿರಿಯರೊಬ್ಬರು ಮೂಲೆಯ ಮಂಚದ ಮೇಲೆ ಕುಳಿತು ಬೀಡಿ ಹಚ್ಚಿದರೆ ಅದರ ಹೊಗೆಗೆ ಹೋಗಲು ದಾರಿಯೇ ಇರುವುದಿಲ್ಲ. ಮಲಗಿದ ಸೊಸೆ, ಮೊಮ್ಮಕ್ಕಳು, ಬಾಣಂತಿ ಎಲ್ಲರ ಉಸಿರಿನಲ್ಲಿಯೂ ಅದು ಸೇರುತ್ತದೆ. ದಪ್ಪ ಗೋಡೆ, ಸಣ್ಣ ಕಿಟಕಿ, ತಂಪು ಮಾಳಿಗೆ ಎಂದು ನಾವು ಹೆಮ್ಮೆಪಡುವ ಕಲ್ಲಿನ ಮನೆಗಳು ಬಿಸಿಲನ್ನು ಹೊರಗೆ ತಡೆಯುವಷ್ಟೇ ಚೆನ್ನಾಗಿ ಹೊಗೆಯನ್ನು ಒಳಗೆ ಹಿಡಿದಿಡುತ್ತವೆ.

ಧೂಮಪಾನ ಬಿಡಿಸುವ ಮಾತು ಸಾಮಾನ್ಯವಾಗಿ ಸೇದುವವನ ಮನೋಬಲದಿಂದ ಶುರುವಾಗುತ್ತದೆ. ನಾನು ಮನೆಯ ಗಾಳಿಯಿಂದ ಶುರುಮಾಡುತ್ತೇನೆ. ಬೀಡಿಯನ್ನು ಹೊಸ್ತಿಲಾಚೆ ಹಾಕುವುದು ಒಂದೆರಡು ವಾರದ ಕೆಲಸ, ಬಿಡುವುದು ಕೆಲವು ತಿಂಗಳ ಕೆಲಸ. ಮೊದಲನೆಯದು ಆಯಿತೆಂದರೆ ಎರಡನೆಯದರ ಭಾರ ಇಳಿಯುತ್ತದೆ. ಬೀಡಿ ಸೇದುವ ತಂದೆಯ ಮನೆಯಲ್ಲಿ ಬೆಳೆದು, ಮುಂದೆ ಹದಿನಾರು ವರ್ಷ ಸಿಗರೇಟು ಸೇದಿ, ಮೂರನೆಯ ಪ್ರಯತ್ನಕ್ಕೆ ಅದನ್ನು ಬಿಟ್ಟವನ ಅನುಭವ ಇದು.

ಪಕ್ಕದವರ ಎದೆಗೆ ಹೋಗುವುದೇನು

ಉರಿಯುವ ಬೀಡಿಯಿಂದ ಎರಡು ಬಗೆಯ ಹೊಗೆ ಏಳುತ್ತದೆ. ಸೇದುವವನು ಒಳಗೆಳೆದು ಹೊರಗೆ ಬಿಡುವುದು ಒಂದು. ಎರಡು ದಮ್ಮುಗಳ ನಡುವೆ ತುದಿಯ ಕೆಂಡದಿಂದ ತನ್ನಷ್ಟಕ್ಕೆ ತಾನೇ ಏಳುವುದು ಇನ್ನೊಂದು. ಪಕ್ಕದಲ್ಲಿ ಕುಳಿತವರು ಉಸಿರಾಡುವುದರಲ್ಲಿ ಹೆಚ್ಚಿನ ಪಾಲು ಈ ಎರಡನೆಯದು. ದಮ್ಮು ಎಳೆಯುವಾಗ ಇರುವಷ್ಟು ಕಾವು ಆಗ ಕೆಂಡಕ್ಕೆ ಇರುವುದಿಲ್ಲವಾದ್ದರಿಂದ ಎಲೆ ಅರೆಬರೆಯಾಗಿ ಸುಡುತ್ತದೆ, ಹೀಗಾಗಿ ಈ ಹೊಗೆಯಲ್ಲಿ ಹಲವು ವಿಷಗಳ ಪ್ರಮಾಣ ಸೇದುವವನು ಎಳೆದುಕೊಳ್ಳುವ ಹೊಗೆಗಿಂತಲೂ ಹೆಚ್ಚು. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳೆಂದು ಗುರುತಿಸಲ್ಪಟ್ಟಿವೆ. ಜೊತೆಗೆ ಇಂಗಾಲದ ಮೊನಾಕ್ಸೈಡ್ ಇದೆ. ರಕ್ತವು ಆಮ್ಲಜನಕವನ್ನು ಹೊರಬೇಕಾದ ಜಾಗದಲ್ಲಿ ಅದು ಬಂದು ಕೂರುತ್ತದೆ.

ಪರೋಕ್ಷ ಧೂಮಪಾನವೆಂದರೆ ಕೆಮ್ಮು, ಕಣ್ಣುರಿ ಎಂದಷ್ಟೇ ತಿಳಿದವರು ಬಹಳ. 1981ರಲ್ಲಿ ಜಪಾನಿನ ಸಂಶೋಧಕ ತಕೇಶಿ ಹಿರಯಾಮ ಅವರು, ತಾವು ಸೇದದಿದ್ದರೂ ಗಂಡ ಸೇದುವ ಮನೆಯ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ತೋರಿಸಿಕೊಟ್ಟರು. ಪರರ ಹೊಗೆಯಲ್ಲಿ ಬದುಕುವ ವಯಸ್ಕರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಶೇಕಡಾ 20ರಿಂದ 30ರಷ್ಟು, ಹೃದಯರೋಗದ ಅಪಾಯ ಶೇಕಡಾ 25ರಿಂದ 30ರಷ್ಟು ಹೆಚ್ಚುತ್ತದೆ ಎಂಬುದು ಈಗ ಒಪ್ಪಿತವಾದ ಲೆಕ್ಕ. ಹೃದಯಕ್ಕೆ ಇದರ ಪೆಟ್ಟು ವರ್ಷಗಳ ನಂತರ ಬರುವಂಥದ್ದೇನಲ್ಲ. ಅರ್ಧ ತಾಸು ಆ ಹೊಗೆಯಲ್ಲಿ ಕುಳಿತರೆ ರಕ್ತನಾಳದ ಒಳಪದರದ ಕೆಲಸದಲ್ಲಿ ಏರುಪೇರು ಕಾಣಿಸುತ್ತದೆ. ಮಕ್ಕಳಲ್ಲಿ ದಮ್ಮು ಎಂದರೆ ಉಬ್ಬಸ, ನ್ಯುಮೋನಿಯಾ, ಕಿವಿ ಸೋರುವುದು, ಬಸುರಿಯಲ್ಲಿ ಕಡಿಮೆ ತೂಕದ ಕೂಸು ಹುಟ್ಟುವುದು, ಇವಕ್ಕೂ ಈ ಹೊಗೆಗೂ ನಂಟಿದೆ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸೇದುವವರು ಶೇಕಡಾ 10.7, ಆದರೆ ಮನೆಯಲ್ಲಿ ಪರರ ಹೊಗೆಗೆ ಸಿಲುಕುವವರು ಶೇಕಡಾ 38.7. ಒಬ್ಬ ಸೇದಿದರೆ ಮೂವರಿಗೂ ಹೆಚ್ಚು ಮಂದಿ ಆ ಹೊಗೆ ಕುಡಿಯುತ್ತಾರೆ ಎಂದಾಯಿತು.

ನಮ್ಮ ಕಡೆಯ ಹಿರಿಯರು ಇದಕ್ಕೆ ಕೊಡುವ ಉತ್ತರ ಒಂದೇ: “ಒಲಿ ಹೊಗಿ ಕುಡದು ನಮ್ಮವ್ವ ಎಂಬತ್ತು ವರ್ಷ ಬದುಕ್ಯಾಳ.” ಒಲೆಯ ಹೊಗೆಯೂ ಒಳ್ಳೆಯದಲ್ಲ, ಒಲೆಯ ಮುಂದೆ ಬದುಕು ಸವೆಸಿದ ಎಷ್ಟೋ ಹೆಂಗಸರು ಬೀಡಿ ಮುಟ್ಟದೆಯೂ ದಮ್ಮಿನಿಂದ ಬಳಲಿದ್ದಾರೆ. ಒಂದು ಹೊಗೆ ಇದೆಯೆಂದು ಇನ್ನೊಂದಕ್ಕೆ ಮಾಫಿ ಸಿಗುವುದಿಲ್ಲ, ಎರಡೂ ಒಂದೇ ಎದೆಯಲ್ಲಿ ಕೂಡಿಕೊಳ್ಳುತ್ತವೆ.

ಮೊದಲ ಹೆಜ್ಜೆ: ಮನೆಯೊಳಗೆ ಬೆಂಕಿ ಹಚ್ಚುವಂತಿಲ್ಲ

ಈ ನಿಯಮದಲ್ಲಿ ರಿಯಾಯಿತಿ ಇಟ್ಟರೆ ಅದು ನಿಲ್ಲುವುದಿಲ್ಲ. “ಮಕ್ಕಳಿಲ್ಲದಾಗ ಸೇದುತ್ತೇನೆ”, “ಬಚ್ಚಲಲ್ಲಿ ಸೇದುತ್ತೇನೆ”, “ಫ್ಯಾನು ಹಾಕುತ್ತೇನೆ” ಎಂಬ ಮೂರೂ ಮಾತುಗಳು ಪ್ರಯೋಜನಕ್ಕೆ ಬರುವುದಿಲ್ಲ. ಫ್ಯಾನು ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಕೋಣೆಯ ತುಂಬ ಸಮನಾಗಿ ಹಂಚುತ್ತದೆ. ಎಸಿ ಅದೇ ಗಾಳಿಯನ್ನು ತಣ್ಣಗೆ ಮಾಡಿ ಮರಳಿ ಕೊಡುತ್ತದೆ. ಊದಿನಕಡ್ಡಿ, ಲೋಬಾನ ವಾಸನೆಯನ್ನು ಮರೆಮಾಡಿ ಇನ್ನಷ್ಟು ಹೊಗೆ ಸೇರಿಸುತ್ತವೆ. ಸೇದಿ ಮುಗಿಸಿದ ಮೇಲೂ ವಿಷದ ಅಂಶಗಳು ಕೌದಿ, ಪರದೆ, ಗೋಡೆಗಳಿಗೆ ಅಂಟಿಕೊಂಡು ಉಳಿಯುವುದರಿಂದ, ನೆಲದ ಮೇಲೆ ಅಂಬೆಗಾಲಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸಿಗೆ ಸೇದುವವನು ಎದುರಿಗಿಲ್ಲದಾಗಲೂ ಅವು ತಲುಪುತ್ತವೆ.

ಇನ್ನೊಂದು ಸೂಕ್ಷ್ಮ, ನಮ್ಮ ಬಿಸಿಲೂರಿನವರೇ ನೋಡಿಕೊಳ್ಳಬೇಕಾದದ್ದು, ಕೂಲರಿನ ವಿಷಯ. ನಮ್ಮ ತಂದೆ ಹೊರಗೆ ಸೇದಲು ಒಪ್ಪಿದ ಬೇಸಿಗೆಯಲ್ಲಿ, ನೆರಳಿದೆಯೆಂದು ಮಂಚವನ್ನು ಹಿತ್ತಲ ಕಿಟಕಿಯ ಕೆಳಗೆ ಹಾಕಿಕೊಂಡರು. ವಾರ ಕಳೆದರೂ ಪಡಸಾಲೆಯಲ್ಲಿ ಬೀಡಿಯ ನಾತ ಮೊದಲಿಗಿಂತ ಜೋರಾಗಿಯೇ ಇತ್ತು. ಅವರು ಕದ್ದು ಒಳಗೆ ಸೇದುತ್ತಿದ್ದಾರೆಂದು ನಾನು ಸುಮ್ಮನೆ ಮುನಿಸಿಕೊಂಡೂ ಇದ್ದೆ. ಒಂದು ದಿನ ಕೂಲರಿಗೆ ನೀರು ತುಂಬಲು ಹೋದಾಗ ಸಂಗತಿ ತಿಳಿಯಿತು: ಕಿಟಕಿಗೆ ಕೂರಿಸಿದ ಕೂಲರಿನ ಬೆನ್ನು ಅವರ ತಲೆಯಿಂದ ಮೂರು ಅಡಿ ದೂರದಲ್ಲಿತ್ತು, ಅವರು ಬಿಟ್ಟ ಹೊಗೆ ಹುಲ್ಲಿನ ಪ್ಯಾಡಿನ ಕಡೆಗೆ ತೆಳ್ಳಗೆ ಬಾಗಿ, ನೀರಿಳಿಯುವ ಸಂದಿಯೊಳಗೆ ನುಗ್ಗಿ ಮಾಯವಾಗುತ್ತಿತ್ತು. ಕೂಲರು ಹೊರಗಿನ ಗಾಳಿಯನ್ನು ಎಳೆದೇ ಒಳಗೆ ಕೊಡುತ್ತದೆ. ಆದುದರಿಂದ ಸೇದುವ ಜಾಗವನ್ನು ಕೂಲರು, ಕಿಟಕಿ, ಬಾಗಿಲು ಮೂರರಿಂದಲೂ ದೂರ, ಅಂಗಳದಾಚೆ ಅಥವಾ ಬೇವಿನ ಮರದ ಕಟ್ಟೆಯಂಥ ಕಡೆ ಗೊತ್ತುಮಾಡಬೇಕು. ಆ ಜಾಗ ಹಾಯೆನಿಸದಿದ್ದರೆ ಒಳ್ಳೆಯದೇ. ಕುರ್ಚಿ, ಮಂಚ ಹಾಕಿಕೊಡುವ ಅಗತ್ಯವಿಲ್ಲ.

ಹೇಳುವುದು ಯಾರು ಎಂಬುದು ನಿಜವಾದ ತೊಡಕು. ಸೊಸೆ ಮಾವನ ಮುಂದೆ ಬಾಯಿ ತೆರೆದು ಹೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಕಡಿಮೆ. ಮಗ ಹೇಳಿದರೆ ಅದು ಮಾತಿಗೆ ಮಾತು ಬೆಳೆದು ಜಗಳವಾಗುತ್ತದೆ. ನಮ್ಮ ಮನೆಯಲ್ಲಿ ಕೆಲಸಮಾಡಿದ್ದು ಒಂದು ಚೀಟಿ. ಮಗಳಿಗೆ ಎರಡು ತಿಂಗಳಿಗೊಮ್ಮೆ ಎದೆ ಕಟ್ಟುತ್ತಿದ್ದಾಗ ಮಕ್ಕಳ ವೈದ್ಯರ ಬಳಿಗೆ ತಂದೆಯನ್ನೇ ಜೊತೆಗೆ ಕರೆದುಕೊಂಡು ಹೋದೆವು. “ನಾ ಸೇದಿದ್ರ ಕೂಸಿಗಿ ಯಾಕ ಕೆಮ್ಮು ಬರ್ತದ್ರಿ, ಡಾಕ್ಟ್ರೇ?” ಎಂದು ಅವರು ಕೇಳಿದರು. ವೈದ್ಯರು ವಾದಕ್ಕಿಳಿಯದೆ ಸಿರಪ್ಪಿನ ಹೆಸರಿನ ಕೆಳಗೆ ಕನ್ನಡದಲ್ಲಿ “ಮನೆಯೊಳಗೆ ಬೀಡಿ ಬೇಡ” ಎಂದು ಬರೆದು, “ಇದೂ ಔಷಧೀನೇ, ಮುತ್ತ್ಯಾ” ಎಂದು ಅವರ ಕೈಗೇ ಕೊಟ್ಟರು. ಔಷಧದ ಚೀಟಿಯನ್ನು ಕೋರ್ಟಿನ ಕಾಗದದಷ್ಟು ಗೌರವದಿಂದ ನೋಡುವ ತಲೆಮಾರು ಅದು. ತಂದೆ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ನಿಮ್ಮ ವೈದ್ಯರೂ ಹೀಗೆ ಬರೆದುಕೊಡಲು ಹಿಂಜರಿಯಲಾರರು, ಕೇಳಿ ನೋಡಿ.

ಬೀಗರು, ನೆಂಟರು ಬಂದಾಗ ನಿಯಮ ಸಡಿಲಿಸಿದರೆ ಮನೆಯವರೂ ಅಂದೇ ಹಳೆಯ ಜಾಗಕ್ಕೆ ಮರಳುತ್ತಾರೆ. ನೀರು, ಚಹಾ ಕೊಟ್ಟ ಮೇಲೆ “ಸೇದೋದಿದ್ರ ಹೊರಗ ಕಟ್ಟಿ ಮ್ಯಾಲ ಕೂಡೂಣ ಬರ್ರಿ, ಒಳಗ ಕೂಸೈತಿ” ಎಂದು ತಾವೇ ಎದ್ದು ನಡೆದರೆ ಯಾರಿಗೂ ಅವಮಾನವಾಗುವುದಿಲ್ಲ. ಕೂಸಿನ ಹೆಸರು ಹೇಳಿದ ಮೇಲೆ ಎದುರಾಡುವ ನೆಂಟರನ್ನು ನಾನಂತೂ ನೋಡಿಲ್ಲ.

ಮನೆಯ ಹೊರಗೆ

ಬಸ್ ನಿಲ್ದಾಣ, ಆಸ್ಪತ್ರೆ, ಕಚೇರಿ, ಹೋಟೆಲು, ಬಸ್ಸು ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು 2003ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಇದರ ಈಗಿನ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಗರಿಷ್ಠ 200 ರೂಪಾಯಿ ಇದ್ದ ದಂಡವನ್ನು ಕರ್ನಾಟಕದ ತಿದ್ದುಪಡಿ 1000 ರೂಪಾಯಿಗೆ ಏರಿಸಿದ್ದು, ತಂಬಾಕು ಕೊಳ್ಳುವ ವಯಸ್ಸನ್ನೂ 21ಕ್ಕೆ ಒಯ್ದಿದೆ. ಕಾನೂನು ಹೀಗಿದ್ದರೂ ಚಹಾದಂಗಡಿಯ ಬೆಂಚಿನ ಮೇಲೆ ಅದು ಕಾಣಿಸುವುದು ಅಪರೂಪ. ಅಲ್ಲಿ ನೀವು ಮಾಡಬಹುದಾದದ್ದು ಇಷ್ಟೇ: ಕೂಸನ್ನು ಎತ್ತಿಕೊಂಡು ಆ ಬೆಂಚಿನಲ್ಲಿ ಕೂರಬೇಡಿ. ನಿಮ್ಮ ಟಂಟಂ, ಜೀಪು, ಕಾರುಗಳಲ್ಲಿ ಮಾತ್ರ ನಿಯಮ ನಿಮ್ಮದೇ. ಗಾಜು ಇಳಿಸಿದರೂ ಹಿಂದಿನ ಸೀಟಿನವರಿಗೆ ಹೊಗೆ ಹೊಡೆಯುತ್ತದೆ.

ಬಿಡುವ ಮೊದಲು ಮೂರು ದಿನದ ಲೆಕ್ಕ

ಇನ್ನು ಮುಂದಿನದು ಸೇದುವವರಿಗೇ ಹೇಳುವ ಮಾತು. ಮೂರು ದಿನ ಕಡಿಮೆ ಮಾಡಲು ಹೋಗದೆ, ಎಂದಿನಂತೆಯೇ ಸೇದುತ್ತ, ಪ್ರತಿ ಬೀಡಿಗೂ ಒಂದು ಸಾಲು ಬರೆದಿಡಿ: ಹೊತ್ತು, ಜಾಗ, ಜೊತೆಗಿದ್ದವರು, ಆ ಗಳಿಗೆಯಲ್ಲಿ ತಲಬು ನಿಜಕ್ಕೂ ಇತ್ತೋ ಕೈ ತಾನಾಗಿ ಹೋಯಿತೋ. ನನ್ನ ಚೀಟಿಯಲ್ಲಿ ಹದಿನಾಲ್ಕು ಸಿಗರೇಟಿನ ಪೈಕಿ ಒಂಬತ್ತರ ಮುಂದೆ “ಚಹಾ” ಎಂದಿತ್ತು. ಆ ತನಕ ನನ್ನ ಚಟ ಕೆಲಸದ ಒತ್ತಡದಿಂದ ಬಂದದ್ದೆಂದು ನಾನು ನಂಬಿದ್ದೆ.

ಚೀಟಿಯಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ನೋಡಬೇಕು. ಬೆಳಿಗ್ಗೆ ಎದ್ದ ಅರ್ಧ ತಾಸಿನೊಳಗೆ ಮೊದಲ ಬೀಡಿ ಬೇಕೇಬೇಕು ಎನ್ನುವವರ ದೇಹ ನಿಕೋಟಿನ್‌ಗೆ ಗಟ್ಟಿಯಾಗಿ ಒಗ್ಗಿರುತ್ತದೆ. ಅಂಥವರು ಬರೀ ಹಟದ ಮೇಲೆ ಹೊರಡದೆ ಔಷಧದ ನೆರವು ಪಡೆಯುವುದು ಲೇಸು. ಎರಡನೆಯದು, ಬೀಡಿ ಇಲ್ಲದೆ ಬಯಲಕಡೆಗೆ ಆಗುವುದಿಲ್ಲ ಎಂಬ ದೂರು. ನಗೆಗೆ ಈಡಾಗುವ ಈ ದೂರಿನಲ್ಲಿ ಸತ್ಯವಿದೆ: ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ, ಬಿಟ್ಟವರಿಗೆ ಕೆಲವು ವಾರ ಮಲಬದ್ಧತೆ ಕಾಡಬಹುದು. ಇದೊಂದೇ ಕಾರಣಕ್ಕೆ ಮೂರನೆಯ ದಿನ ಬೀಡಿಗೆ ಮರಳಿದವರನ್ನು ನಾನು ಬಲ್ಲೆ. ಬಿಡುವ ವಾರಕ್ಕೆ ಮುಂಚೆಯೇ ಎದ್ದ ಕೂಡಲೇ ಎರಡು ತಂಬಿಗೆ ಬೆಚ್ಚನೆಯ ನೀರು, ಊಟಕ್ಕೆ ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ, ಮೆಂತ್ಯದಂಥ ಸೊಪ್ಪು, ಹಸಿ ಸವತೆಕಾಯಿ ರೂಢಿ ಮಾಡಿಕೊಂಡರೆ ಈ ಕಷ್ಟ ದಾಟುತ್ತದೆ.

ದಿನ ಗೊತ್ತುಮಾಡಿ

ಎರಡು ವಾರದೊಳಗಿನ ಒಂದು ದಿನವನ್ನು ಆರಿಸಿಕೊಳ್ಳಿ. ಅದಕ್ಕಿಂತ ಮುಂದಕ್ಕೆ ಹಾಕಿದರೆ ಉತ್ಸಾಹ ಆರಿಹೋಗುತ್ತದೆ. ತೊಗರಿ ರಾಶಿಯ ದಿನಗಳು, ಮನೆಯ ಮದುವೆ, ಶರಣಬಸವೇಶ್ವರ ಜಾತ್ರೆ ಅಥವಾ ಬಂದೇನವಾಜ್ ಉರುಸಿನ ಗದ್ದಲದ ವಾರ ಬೇಡ. ಯುಗಾದಿ, ಅಮಾವಾಸ್ಯೆ, ರಂಜಾನ್ ತಿಂಗಳ ಮೊದಲ ದಿನ, ಮೇ 31ರ ವಿಶ್ವ ತಂಬಾಕು ರಹಿತ ದಿನ, ಮನಸ್ಸಿಗೆ ಬಂದ ಯಾವುದಾದರೂ ಆಗಬಹುದು. ರೋಜಾ ಹಿಡಿಯುವವರಿಗೆ ಹಗಲಿಡೀ ಬಿಡುವ ಅಭ್ಯಾಸ ಮೊದಲೇ ಇರುತ್ತದೆ. ಅವರ ಪರೀಕ್ಷೆ ಇರುವುದು ಇಫ್ತಾರಿನ ನಂತರದ ಒಂದು ತಾಸಿನಲ್ಲಿ.

ಹಿಂದಿನ ರಾತ್ರಿ ಉಳಿದ ಕಟ್ಟನ್ನು ನೀರಲ್ಲಿ ಹಾಕಿ. ಯಾರಿಗಾದರೂ ಕೊಟ್ಟರೆ ನಾಳೆ ಅವರಲ್ಲಿಗೇ ಹೋಗಿ ಕೇಳುತ್ತೀರಿ. ಕಡ್ಡಿಪೆಟ್ಟಿಗೆ ಅಡುಗೆಮನೆಗೆ ಸೇರಲಿ. ಅಂಗಿ, ಲುಂಗಿ, ಹೊದಿಕೆ ಒಗೆದು ಬಿಸಿಲಿಗೆ ಹಾಕಿ. ಮನೆಯವರಿಗೆ, ಕೆಲಸದ ಗೆಳೆಯರಿಗೆ, ಮುಖ್ಯವಾಗಿ ನಿತ್ಯ ಬೀಡಿ ಕೊಳ್ಳುವ ಪಾನಡಬ್ಬಿಯವನಿಗೆ ಹೇಳಿಬಿಡಿ. ಉದ್ರಿ ಬಾಕಿ ಇದ್ದರೆ ಅಂದೇ ತೀರಿಸಿ. ಆ ಬಾಕಿ ಕೊಡುವ ನೆಪದಲ್ಲಿ ಮತ್ತೆ ಡಬ್ಬಿಯ ಮುಂದೆ ನಿಂತು ಕೆಟ್ಟವರುಂಟು. ಹಣ ಉಳಿಯುತ್ತದೆಂಬ ವಾದವನ್ನು ಮಾತ್ರ ನಾನು ಹೂಡುವುದಿಲ್ಲ. ಬೀಡಿ ಅಗ್ಗ, ಸೇದುವವನಿಗೆ ಅದು ಗೊತ್ತು.

ಮೊದಲ ವಾರ

ನಿಕೋಟಿನ್ ಸೇದಿದ ಕೆಲವೇ ಸೆಕೆಂಡುಗಳಲ್ಲಿ ಮೆದುಳು ಮುಟ್ಟುತ್ತದೆ, ಸುಮಾರು ಎರಡು ತಾಸಿಗೆ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಇನ್ನೊಂದು ಬೇಕೆನಿಸುವುದು ಅದಕ್ಕಾಗಿಯೇ. ಬಿಟ್ಟ ಮೇಲೆ ಸಿಡುಕು, ತಲೆಭಾರ, ನಿದ್ದೆಗೇಡು, ಹಸಿವು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಎರಡನೆಯ, ಮೂರನೆಯ ದಿನ ಉಚ್ಛ್ರಾಯಕ್ಕೇರಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಈ ಮಧ್ಯೆ ಮನೆಯವರು “ಇದಕ್ಕಿಂತ ಸೇದಿದ್ರೇ ಛಲೋ ಇತ್ತು” ಎಂದು ಬೇಸತ್ತು ಆಡುವ ಒಂದು ಮಾತು ವಾರದ ಕಷ್ಟವನ್ನೆಲ್ಲ ನೀರಲ್ಲಿ ಹಾಕೀತು. ಅದನ್ನು ನುಂಗಿಕೊಳ್ಳುವುದು ಅವರ ಪಾಲಿನ ಕೆಲಸ.

ಒಂದೊಂದು ತಲಬು ಬಂದಾಗ ಇನ್ನು ಮುಗಿಯುವುದೇ ಇಲ್ಲ ಎನಿಸಿದರೂ ಅದರ ಆಯುಷ್ಯ ಐದರಿಂದ ಹತ್ತು ನಿಮಿಷ. ಗಡಿಯಾರ ನೋಡಿ ಮುಂದೂಡಿ, ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಹತ್ತು ಸಲ ಉಸಿರನ್ನು ಆಳಕ್ಕೆಳೆದು ನಿಧಾನವಾಗಿ ಬಿಡಿ, ಕುಳಿತ ಜಾಗದಿಂದ ಎದ್ದು ಕೈಗೊಂದು ಕೆಲಸ ಕೊಡಿ. ಕಿಸೆಯಲ್ಲಿ ಹುರಿದ ಶೇಂಗಾ, ಬಡೇಸೋಪು, ಲವಂಗ ಇರಲಿ. ಸಿಪ್ಪೆ ಇರುವ ಶೇಂಗಾ ನನಗೆ ಹೆಚ್ಚು ಒದಗಿತು, ಬೆರಳುಗಳಿಗೂ ಉದ್ಯೋಗ ಸಿಗುತ್ತದೆ.

ಚಹಾದ ಬಗ್ಗೆ ಬಹಳ ಜನಕ್ಕೆ ತಿಳಿಯದ ಒಂದು ಸಂಗತಿ ಹೇಳಬೇಕು. ತಂಬಾಕಿನ ಹೊಗೆ ಯಕೃತ್ತಿನಲ್ಲಿ ಕೆಫೀನ್ ಬೇಗ ಕರಗುವಂತೆ ಮಾಡುತ್ತದೆ. ಸೇದುವುದು ನಿಂತೊಡನೆ ಆ ವೇಗ ತಗ್ಗಿ, ಮೊದಲಿನಷ್ಟೇ ಚಹಾ ಕುಡಿದರೂ ಹೆಚ್ಚು ಕುಡಿದಂತಾಗಿ ಎದೆ ಡವಗುಟ್ಟುತ್ತದೆ, ನಿದ್ದೆ ಹಾರುತ್ತದೆ. ಅದನ್ನೇ ಬೀಡಿಯ ತಲಬು ಎಂದು ತಪ್ಪು ತಿಳಿಯುತ್ತೇವೆ. ಬಿಟ್ಟ ದಿನದಿಂದ ಚಹಾ, ಕಾಫಿಯನ್ನು ಅರ್ಧಕ್ಕಿಳಿಸಿ. ಇದೇ ಕಾರಣಕ್ಕೆ ದಮ್ಮಿಗೆ ಥಿಯೋಫಿಲಿನ್ ಮಾತ್ರೆ ನುಂಗುವವರು ಬಿಡುವ ಮುಂಚೆ ವೈದ್ಯರಿಗೆ ತಿಳಿಸಿ ಪ್ರಮಾಣ ಸರಿಪಡಿಸಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರೂ ಕೆಲವು ವಾರ ಸಕ್ಕರೆಯ ಮೇಲೆ ಕಣ್ಣಿಡಬೇಕು.

ಔಷಧ, ಸಲಹೆ

ಯಾವ ನೆರವೂ ಇಲ್ಲದೆ ಮಾಡಿದ ನೂರು ಪ್ರಯತ್ನಗಳಲ್ಲಿ ಗೆಲ್ಲುವುದು ಸುಮಾರು ನಾಲ್ಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗಿರುವಾಗ ನೆರವು ಕೇಳುವುದನ್ನು ದೌರ್ಬಲ್ಯವೆನ್ನುವುದು ಕುಂಟುವವನಿಗೆ ಕೋಲು ಬೇಡ ಎಂದಂತೆ.

ಔಷಧದಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್ಮಿನಲ್ಲಿ 2 ಮತ್ತು 4 ಮಿಲಿಗ್ರಾಂ ಎಂಬ ಎರಡು ಪ್ರಮಾಣಗಳಿವೆ. ಎದ್ದ ಅರ್ಧ ತಾಸಿನೊಳಗೆ ಸೇದುವವರಿಗೆ 4, ಉಳಿದವರಿಗೆ 2 ಎಂಬುದು ರೂಢಿ. ಇದನ್ನು ಚ್ಯೂಯಿಂಗ್ ಗಮ್ಮಿನಂತೆ ಅಗಿದು, ವಾಂತಿ ಬಂದಂತಾಗಿ, ಬಿಕ್ಕಳಿಕೆ ಹತ್ತಿ, ಎಸೆದುಬಿಟ್ಟವರೇ ಹೆಚ್ಚು. ನನ್ನ ಎರಡನೆಯ ಪ್ರಯತ್ನ ಕೆಟ್ಟದ್ದೂ ಹೀಗೆಯೇ. ನಿಧಾನವಾಗಿ ಅಗಿದು ನಾಲಿಗೆಗೆ ಮೆಣಸಿನಂಥ ಚುರುಕು ಹತ್ತಿದೊಡನೆ ನಿಲ್ಲಿಸಿ, ಒಸಡು ಮತ್ತು ಕೆನ್ನೆಯ ಸಂದಿಯಲ್ಲಿ ಒತ್ತಿ ಇಡಬೇಕು. ಚುರುಕು ಇಳಿದ ಮೇಲೆ ಮತ್ತೆ ನಾಲ್ಕಾರು ಸಲ ಅಗಿದು ಇನ್ನೊಂದು ಕಡೆಗೆ ಇಡಬೇಕು. ಒಂದು ಗಮ್ಮು ಹೀಗೆ ಅರ್ಧ ತಾಸು ಬಾಳುತ್ತದೆ. ನಿಕೋಟಿನ್ ಒಸಡಿನ ಮೂಲಕ ರಕ್ತಕ್ಕಿಳಿಯಬೇಕೇ ಹೊರತು ಹೊಟ್ಟೆಗೆ ಹೋಗಬಾರದು. ಗಮ್ಮಿಗೆ ಕಾಲು ತಾಸು ಮೊದಲಿನಿಂದ ಹಿಡಿದು ಅದು ಬಾಯಲ್ಲಿರುವತನಕ ಚಹಾ, ಸೋಡಾ, ನಿಂಬೆಶರಬತ್ತು ಕುಡಿಯಬಾರದು. ಮೊದಲ ಆರು ವಾರ ಒಂದೆರಡು ತಾಸಿಗೊಂದರಂತೆ ಬಳಸಿ, ಆಮೇಲೆ ಅಂತರ ಹೆಚ್ಚಿಸುತ್ತ ಹೋಗಿ, ಸುಮಾರು ಮೂರು ತಿಂಗಳಿಗೆ ನಿಲ್ಲಿಸಬಹುದು. ಚರ್ಮಕ್ಕೆ ಅಂಟಿಸುವ ಪಟ್ಟಿಯೂ ಇದೆ. ಬ್ಯುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳನ್ನು ಬಿಡುವ ದಿನಕ್ಕೆ ಒಂದೆರಡು ವಾರ ಮುಂಚೆಯೇ ಶುರುಮಾಡಬೇಕಾಗಿದ್ದು, ವೈದ್ಯರ ಚೀಟಿ ಕಡ್ಡಾಯ. ಫಿಟ್ಸ್ ಇರುವವರಿಗೆ ಬ್ಯುಪ್ರೊಪಿಯಾನ್ ಸಲ್ಲದು. ಬಸುರಿಯರು, ಇತ್ತೀಚೆಗೆ ಹೃದಯಾಘಾತವಾದವರು ಗಮ್ಮನ್ನು ಕೂಡ ಕೇಳದೆ ಬಳಸಬಾರದು.

ಸಿಗರೇಟು ಪಾಕೀಟಿನ ಮೇಲೆಯೇ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಮೂಲಕ ಕನ್ನಡದಲ್ಲಿಯೂ ಸಲಹೆ ಸಿಗುತ್ತದೆ, ಅವರೇ ಮರಳಿ ಕರೆಮಾಡಿ ವಿಚಾರಿಸಿಕೊಳ್ಳುವ ಏರ್ಪಾಡೂ ಇದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿಗೆ ಹೋಗುವವರು ಹೊರರೋಗಿ ಚೀಟಿ ಮಾಡಿಸುವಾಗಲೇ ತಂಬಾಕು ಬಿಡಿಸುವ ಸಲಹೆ ಎಲ್ಲಿ ಎಂದು ಕೇಳಬೇಕು. ಕೆಮ್ಮು ಎರಡು ವಾರ ಮೀರಿದರೆ ಅದು “ಬೀಡಿ ಕೆಮ್ಮು” ಎಂದು ಕೂರದೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಬೇಕು. ಧೂಮಪಾನ ಕ್ಷಯದ ಅಪಾಯವನ್ನು ಹೆಚ್ಚಿಸುತ್ತದೆ, ಆ ಕಫದ ಕೆಮ್ಮು ಅದೇ ಮುಚ್ಚಿದ ಪಡಸಾಲೆಯಲ್ಲಿ ಎಲ್ಲರ ನಡುವೆ ಇರುತ್ತದೆ. ಕಫದಲ್ಲಿ ರಕ್ತ, ದನಿ ಒಡೆದು ಸರಿಹೋಗದಿರುವುದು, ಬಾಯಲ್ಲಿ ಮಾಯದ ಹುಣ್ಣು ಕಂಡರೆ ತಡಮಾಡಬಾರದು. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಕಲಬುರಗಿಯಲ್ಲೇ ಇದೆ.

ಬೀಡಿ ಬಿಟ್ಟು ಗುಟ್ಕಾ ಅಥವಾ ಸುಣ್ಣ-ತಂಬಾಕಿಗೆ ಹೊರಳುವುದನ್ನು ನಮ್ಮಲ್ಲಿ ಬಿಟ್ಟಂತೆಯೇ ಎಣಿಸುತ್ತಾರೆ. ಮನೆಯ ಗಾಳಿಗೆ ಅದರಿಂದ ಉಪಕಾರವಾದೀತು, ಬಾಯಿಗಿಲ್ಲ. ನಿಕೋಟಿನ್ನಿನ ಹಿಡಿತವೂ ಹಾಗೆಯೇ ಉಳಿಯುತ್ತದೆ. ಇ-ಸಿಗರೇಟಂತೂ 2019ರಿಂದ ದೇಶದಲ್ಲಿ ನಿಷಿದ್ಧ.

ಜಾರಿದರೆ

ನನ್ನ ಮೊದಲ ಪ್ರಯತ್ನ ಐದನೆಯ ವಾರದಲ್ಲಿ, ಸೇಡಂ ಕಡೆಯ ಒಂದು ಮದುವೆಯಲ್ಲಿ ಮುಗಿಯಿತು. ಊಟವಾಗಿತ್ತು, ಎಲೆ-ಅಡಿಕೆ ತಟ್ಟೆ ಬಂದಿತ್ತು, ಕಾಕಾನ ಮಗ “ಒಂದಕ್ಕೇನಾಗ್ತದ ತಗೋ” ಎಂದ. ಅಂದು ಸೇದಿದ್ದು ಒಂದೇ. ಮರುದಿನ ಬೆಳಿಗ್ಗೆ “ಹೆಂಗೂ ಕೆಟ್ಟಿತಲ್ಲ” ಎಂದು ಪಾಕೀಟು ಕೊಂಡೆ. ನನ್ನನ್ನು ಕೆಡಿಸಿದ್ದು ಆ ಎರಡನೆಯ ದಿನದ ಲೆಕ್ಕಾಚಾರ. ಒಂದು ಸೇದಿದರೆ ಅದನ್ನು ಒಂದಕ್ಕೇ ನಿಲ್ಲಿಸಿ, ಯಾವಾಗ, ಯಾರ ಜೊತೆ ಎಂದು ಹಳೆಯ ಚೀಟಿಯಲ್ಲಿ ಒಂದು ಸಾಲು ಬರೆದು, ಬಿಟ್ಟ ದಿನಗಳ ಎಣಿಕೆಯನ್ನು ಹಾಗೆಯೇ ಮುಂದುವರಿಸಿ. ಮದುವೆಗೆ ಹೋಗುವ ಮುಂಚೆ ಊಟದ ನಂತರ ಎಲ್ಲಿ ಕೂರುತ್ತೀರಿ ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಉತ್ತಮ. ಹೆಂಗಸರು, ಮಕ್ಕಳಿರುವ ಚಪ್ಪರದ ಕಡೆ ಕುಳಿತವನಿಗೆ ಯಾರೂ ಸಿಗರೇಟು ನೀಡುವುದಿಲ್ಲ.

ಕಾಯುವವರಿಗೆ ದೇಹ ತನ್ನ ಲೆಕ್ಕ ಒಪ್ಪಿಸುತ್ತ ಹೋಗುತ್ತದೆ. 20 ನಿಮಿಷಕ್ಕೆ ನಾಡಿಯ ವೇಗ ಇಳಿಯುತ್ತದೆ, ಒಂದೆರಡು ದಿನದಲ್ಲಿ ರಕ್ತದಿಂದ ಮೊನಾಕ್ಸೈಡ್ ಹೊರಹೋಗುತ್ತದೆ, ಕೆಲವು ತಿಂಗಳಲ್ಲಿ ಕೆಮ್ಮು, ಏದುಸಿರು ಕಡಿಮೆಯಾಗುತ್ತವೆ. ಒಂದು ವರ್ಷಕ್ಕೆ ಹೃದಯರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ, ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಅರ್ಧಕ್ಕೆ ಬರುತ್ತದೆ. ಮೊದಲ ವರ್ಷದಲ್ಲಿ ನಾಲ್ಕೈದು ಕಿಲೋ ತೂಕ ಏರುವುದು ಸಾಮಾನ್ಯ. ಅದನ್ನು ಇಳಿಸಲು ಅದೇ ಹೊತ್ತಿಗೆ ಉಪವಾಸ ಕೂರಬೇಡಿ, ಹಸಿವು ತಲಬನ್ನು ಎಬ್ಬಿಸುತ್ತದೆ. ಸಂಜೆ ಬಿಸಿಲಿಳಿದ ಮೇಲೆ ಅರ್ಧ ತಾಸು ನಡೆದರೆ ಸಾಕು.

ಗೋಡೆ ಬಳಿಯುವುದು

ಮನೆಯಲ್ಲಿ ಹೊಗೆ ನಿಂತು ತಿಂಗಳಾದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಪರದೆ, ಕೌದಿ, ದಿಂಬಿನ ಅರಿವೆಗಳನ್ನು ಸೋಪಿನ ನೀರಿನಲ್ಲಿ ನೆನೆಸಿ ಒಗೆದು ಎರಡು ದಿನ ಸುಡುಬಿಸಿಲಿಗೆ ಹಾಕಿ. ಗಾದಿಯ ಅರಳೆ ಹಳೆಯದಾಗಿದ್ದರೆ ಬದಲಿಸಿ. ಕೂಲರಿನ ಹುಲ್ಲಿನ ಪ್ಯಾಡು ಹೊಸದಾಗಲಿ, ಹಳೆಯ ನಾತ ಅದರಲ್ಲಿಯೇ ಇರುತ್ತದೆ. ಆಮೇಲೆ ಗೋಡೆ. ತಂದೆ ಮೊದಲು ಬೀಡಿಯನ್ನು ಅಂಗಳದಾಚೆಗೆ ಒಯ್ದು, ಮಳೆಗಾಲದಲ್ಲಿ ಎದ್ದು ಹೋಗಲು ಬೇಸತ್ತು ದಿನಕ್ಕೆ ನಾಲ್ಕಕ್ಕಿಳಿಸಿ, ಮುಂದಿನ ಯುಗಾದಿಗೆ ಪೂರ್ತಿ ಬಿಟ್ಟ ವರ್ಷ ನಾವು ಪಡಸಾಲೆಗೆ ಸುಣ್ಣ ಹೊಡೆಸಿದೆವು. ಅವರ ಮಂಚದ ಮೇಲ್ಗಡೆ ತೂಗುಹಾಕಿದ್ದ ಕ್ಯಾಲೆಂಡರನ್ನು ತೆಗೆದಾಗ ಅದರ ಹಿಂದೆ ಕ್ಯಾಲೆಂಡರಿನಷ್ಟೇ ಅಳತೆಯ ಒಂದು ಬಿಳಿ ಚೌಕವಿತ್ತು, ಸುತ್ತಲಿನ ಗೋಡೆಯೆಲ್ಲ ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿತ್ತು. ತಂದೆ ಬಹಳ ಹೊತ್ತು ಅದನ್ನು ನೋಡಿ, ಬೆರಳಿನಿಂದ ಸವರಿ, ಬೆರಳನ್ನು ಮೂಸಿದರು. ಇಂಥ ಗೋಡೆಗೆ ನೇರವಾಗಿ ಸುಣ್ಣ ಬಳಿದರೆ ವಾರದಲ್ಲಿ ಹಳದಿ ಕಲೆ ಮತ್ತೆ ಮೇಲಕ್ಕೆದ್ದು ಬರುತ್ತದೆ. ಮೊದಲು ಸೋಪಿನ ನೀರಿನಿಂದ ತಿಕ್ಕಿ ತೊಳೆದು, ಪೂರಾ ಒಣಗಿಸಿ, ಎರಡು ಕೈ ಸುಣ್ಣ ಹೊಡೆಯಬೇಕು. ನಮ್ಮಲ್ಲಿ ಆ ಒಂದು ಗೋಡೆಗೆ ಮೂರು ಕೈ ಬೇಕಾಯಿತು.